ಒಂದು ಬೇಸಿಗೆ ಸ್ಪೇನ್‌ನಲ್ಲಿದ್ದರೆ ಸ್ಪ್ಯಾನಿಷ್ ತಾನಾಗಿ ಬಂದುಬಿಡುತ್ತದೆಯೇ?

ಪರೀಕ್ಷೆಗಳು ಮುಗಿಯುತ್ತಿದ್ದಂತೆ ವಾಟ್ಸಾಪ್ ಗ್ರೂಪ್‌ಗಳಲ್ಲಿ ಒಂದು ಬಗೆಯ ಸಂದೇಶ ಸುತ್ತತೊಡಗುತ್ತದೆ. ‘ನಿಮ್ಮ ಮಗುವನ್ನು ನಾಲ್ಕು ವಾರ ಸ್ಪೇನ್‌ಗೆ ಕಳಿಸಿ, ಅಲ್ಲಿನವರ ಮನೆಯಲ್ಲೇ ಇರಲಿ. ವ್ಯಾಕರಣ ಬೇಡ, ಪುಸ್ತಕ ಬೇಡ. ಸುತ್ತಲಿನ ಮಾತು ಕೇಳಿ ಕೇಳಿಯೇ ಸ್ಪ್ಯಾನಿಷ್ ಬರುತ್ತದೆ’ ಎನ್ನುವುದು ಅದರ ಸಾರ. ಓದಿದವರು ಇನ್ನೊಂದು ಗ್ರೂಪ್‌ಗೆ ಕಳಿಸುತ್ತಾರೆ. ಕೆಲವರು ಶುಲ್ಕ ಎಷ್ಟೆಂದು ವಿಚಾರಿಸುತ್ತಾರೆ. ಶುಲ್ಕ, ವಿಮಾನ ಟಿಕೆಟ್, ವೀಸಾ, ವಿಮೆ ಎಲ್ಲ ಸೇರಿದರೆ ಲೆಕ್ಕ ಲಕ್ಷಗಳಲ್ಲಿ. ಮನೆ ಸಾಲದ ಕಂತು ಕಟ್ಟುತ್ತಿರುವ ಕುಟುಂಬಕ್ಕೆ ಇದು ಚಿಕ್ಕ ಮಾತಲ್ಲ. ಹಾಗಾದರೆ ಇದರಲ್ಲಿ ನಿಜವೆಷ್ಟು? ನೋಡೋಣ.

ಉತ್ತರ ನಮ್ಮ ಬೀದಿಯಲ್ಲೇ ಇದೆ

ಇದನ್ನು ತಿಳಿಯಲು ಸ್ಪೇನ್‌ವರೆಗೆ ಹೋಗಬೇಕಿಲ್ಲ. ಮಾಗಡಿ ರಸ್ತೆಯ ಬ್ಯಾಡರಹಳ್ಳಿಯಂಥ ಬಡಾವಣೆಯನ್ನೇ ನೋಡಿ. ಬೇರೆ ರಾಜ್ಯದಿಂದ ಬಂದು ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ ಹುಡುಗ ಕೆಲವೇ ತಿಂಗಳಲ್ಲಿ ‘ಎಷ್ಟು ಕೊಡ್ಲಿ ಅಕ್ಕಾ, ಚಿಲ್ರೆ ಇದ್ಯಾ?’ ಎನ್ನುತ್ತಾನೆ. ಅದೇ ಬೀದಿಯಲ್ಲಿ ವರ್ಷಗಳಿಂದ ಬಾಡಿಗೆಗಿರುವ ಇನ್ನೊಬ್ಬರಿಗೆ ‘ಕನ್ನಡ ಗೊತ್ತಿಲ್ಲ’ ಎಂಬ ಎರಡು ಪದ ಬಿಟ್ಟರೆ ಬೇರೇನೂ ಬರುವುದಿಲ್ಲ.

ಊರು ಒಂದೇ, ಕಿವಿಗೆ ಬೀಳುವ ಮಾತೂ ಒಂದೇ. ವ್ಯತ್ಯಾಸ ಇಷ್ಟೆ: ಹುಡುಗನಿಗೆ ಕನ್ನಡವಿಲ್ಲದೆ ವ್ಯಾಪಾರ ನಡೆಯದು. ಇನ್ನೊಬ್ಬರಿಗೆ ಆಫೀಸಿನಲ್ಲೂ ಮನೆಯಲ್ಲೂ ಬೇರೆ ಭಾಷೆಯಲ್ಲೇ ಎಲ್ಲವೂ ನಡೆಯುತ್ತದೆ. ಭಾಷೆ ಕಲಿಸುವುದು ಊರಲ್ಲ, ಬಳಕೆ.

ಸಂಶೋಧನೆ ಏನು ಹೇಳುತ್ತದೆ?

ಬಾರ್ಬರಾ ಫ್ರೀಡ್, ನಾರ್ಮನ್ ಸೆಗಲೋವಿಟ್ಜ್ ಮತ್ತು ಡ್ಯಾನ್ ಡ್ಯೂಯಿ 2004ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಫ್ರೆಂಚ್ ಕಲಿಯುತ್ತಿದ್ದ 28 ಅಮೆರಿಕನ್ ವಿದ್ಯಾರ್ಥಿಗಳ ಮೂರು ಗುಂಪುಗಳನ್ನು ಅವರು ಹೋಲಿಸಿದರು. ಒಂದು ಗುಂಪು ತಮ್ಮ ಕಾಲೇಜಿನ ಸಾಮಾನ್ಯ ತರಗತಿಯಲ್ಲಿತ್ತು. ಎರಡನೆಯದು ಪ್ಯಾರಿಸ್‌ನಲ್ಲಿತ್ತು. ಮೂರನೆಯದು ಅಮೆರಿಕದಲ್ಲೇ ನಡೆದ, ಫ್ರೆಂಚ್ ಬಿಟ್ಟು ಬೇರೆ ಮಾತಾಡಬಾರದೆಂಬ ನಿಯಮದ 7 ವಾರಗಳ ಬೇಸಿಗೆ ಶಿಬಿರದಲ್ಲಿತ್ತು.

ಸರಾಗವಾಗಿ ಮಾತಾಡುವುದರಲ್ಲಿ ಅತಿ ಹೆಚ್ಚು ಮುಂದೆ ಹೋದವರು ಪ್ಯಾರಿಸ್‌ನವರಲ್ಲ, ಶಿಬಿರದವರು! ಅವರು ದಿನವಿಡೀ ಫ್ರೆಂಚ್ ಬಳಸುತ್ತಿದ್ದರು. ಪ್ಯಾರಿಸ್‌ನಲ್ಲಿದ್ದವರು ತರಗತಿಯ ಹೊರಗೆ ಫ್ರೆಂಚ್‌ಗಿಂತ ಇಂಗ್ಲಿಷನ್ನೇ ಹೆಚ್ಚು ಬಳಸಿದ್ದಾಗಿ ಹೇಳಿದ್ದರು.

ಹಾಗೆಂದು ವಿದೇಶಕ್ಕೆ ಹೋಗುವುದರಿಂದ ಪ್ರಯೋಜನವೇ ಇಲ್ಲ ಎನ್ನಲಾಗದು. ಅದೇ ವರ್ಷ ಸೆಗಲೋವಿಟ್ಜ್ ಮತ್ತು ಫ್ರೀಡ್ ಸ್ಪ್ಯಾನಿಷ್ ಕಲಿಯುವ 40 ವಿದ್ಯಾರ್ಥಿಗಳನ್ನು ಗಮನಿಸಿದ ಇನ್ನೊಂದು ಅಧ್ಯಯನವೂ ಬಂತು. ಸ್ಪೇನ್‌ನ ಅಲಿಕಾಂಟೆಯಲ್ಲಿ ಒಂದು ಸೆಮಿಸ್ಟರ್ ಕಳೆದವರು ಊರಲ್ಲೇ ಉಳಿದವರಿಗಿಂತ ಹೆಚ್ಚು ಸರಾಗವಾಗಿ ಮಾತಾಡಿದರು. ಆದರೆ ಅವರು ಮೊದಲೇ ಸ್ಪ್ಯಾನಿಷ್ ತರಗತಿ ಮುಗಿಸಿ ಹೋದವರು, ಅಲ್ಲೂ ತರಗತಿಯಲ್ಲಿ ಕುಳಿತವರು. ಏನೂ ಕಲಿಯದೆ ವಿಮಾನ ಹತ್ತಿದವರಲ್ಲ.

ಗಂಟೆಗಳ ಲೆಕ್ಕ ಹಾಕೋಣ

ಅಮೆರಿಕದ ರಾಜತಾಂತ್ರಿಕರಿಗೆ ಭಾಷೆ ಕಲಿಸುವ ಸರ್ಕಾರಿ ಸಂಸ್ಥೆಯ ಅಂದಾಜಿನಂತೆ, ಇಂಗ್ಲಿಷ್ ಮಾತಾಡುವವರು ಕೆಲಸಕ್ಕೆ ಬೇಕಾದ ಮಟ್ಟಕ್ಕೆ ಸ್ಪ್ಯಾನಿಷ್ ಕಲಿಯಲು 600ರಿಂದ 750 ಗಂಟೆಗಳ ತರಗತಿ ಬೇಕು. ಅವರ ಪಾಲಿಗೆ ಇದು ಸುಲಭ ಭಾಷೆಗಳ ಸಾಲಿನಲ್ಲಿದೆ, ಆದರೂ ಇಷ್ಟು! ವಾರಕ್ಕೆ 20 ಗಂಟೆಯಂತೆ ನಾಲ್ಕು ವಾರ ತರಗತಿಗೆ ಹೋದರೆ ಆಗುವುದು 80 ಗಂಟೆ. ತರಗತಿಯ ಹೊರಗೂ ಚೆನ್ನಾಗಿ ಮಾತಾಡಿದರೆ ಒಳ್ಳೆಯ ಆರಂಭ ಸಿಗಬಹುದು. ಪೂರ್ತಿ ಭಾಷೆ ಸಿಗುವುದಿಲ್ಲ.

ನಮ್ಮ ರಾಜ್ಯದಲ್ಲೂ ಇಂಥ ಉದಾಹರಣೆಗಳಿವೆ. ಮೈಸೂರಿನಲ್ಲಿ 1969ರಲ್ಲಿ ಆರಂಭವಾದ ಭಾರತೀಯ ಭಾಷಾ ಸಂಸ್ಥಾನದ ಪ್ರಾದೇಶಿಕ ಕೇಂದ್ರಕ್ಕೆ ಬೇರೆ ರಾಜ್ಯಗಳ ಶಿಕ್ಷಕರು ಬಂದು ಕನ್ನಡ ಕಲಿಯುತ್ತಾರೆ. ಮೈಸೂರಿನಂಥ ಕನ್ನಡದ ಊರಿನಲ್ಲಿದ್ದರೂ ಆ ಕೋರ್ಸಿಗೆ ಇಟ್ಟಿರುವ ಅವಧಿ 10 ತಿಂಗಳು. ಇನ್ನು ಕಿಟೆಲ್ ಅವರನ್ನು ನೆನೆಯಿರಿ. ಜರ್ಮನಿಯಿಂದ 1853ರಲ್ಲಿ ಇಲ್ಲಿಗೆ ಬಂದ ಅವರ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂದದ್ದು 1894ರಲ್ಲಿ. ಎಲ್ಲರೂ ನಿಘಂಟು ಬರೆಯಬೇಕಿಲ್ಲ ನಿಜ. ಆದರೆ ಭಾಷೆ ಕೇಳುವುದು ಸಮಯವನ್ನೇ.

ಕನ್ನಡಿಗರಿಗೊಂದು ಸಮಾಧಾನ

ಸ್ಪ್ಯಾನಿಷ್‌ನ ಕೆಲವು ಸಂಗತಿಗಳು ನಮಗೆ ಹೊಸದಲ್ಲ. ಅದರ ಐದು ಸ್ವರಗಳು ನಮ್ಮ ಅ, ಎ, ಇ, ಒ, ಉಗಳಿಗೆ ಹತ್ತಿರ. ಇಂಗ್ಲಿಷ್‌ನವರು ಒದ್ದಾಡುವ ‘ತ’ ಮತ್ತು ‘ದ’ ನಮಗೆ ಸಲೀಸು. ‘ಹೋಗುತ್ತೇನೆ’ ಎಂದರೆ ‘ನಾನು’ ಎನ್ನಬೇಕಿಲ್ಲವಲ್ಲ, ಹಾಗೆಯೇ ಸ್ಪ್ಯಾನಿಷ್‌ನಲ್ಲಿ ‘ಆಬ್ಲೊ’ ಎಂದರೆ ಸಾಕು, ‘ಮಾತಾಡುತ್ತೇನೆ’ ಎಂದಾಯಿತು.

ಕಷ್ಟವಾಗುವುದು ಲಿಂಗ. ಕನ್ನಡದಲ್ಲಿ ಮೇಜು, ಪುಸ್ತಕ ಎಲ್ಲವೂ ‘ಅದು’. ಸ್ಪ್ಯಾನಿಷ್‌ನಲ್ಲಿ ಮೇಜು ಸ್ತ್ರೀಲಿಂಗ, ಪುಸ್ತಕ ಪುಲ್ಲಿಂಗ. ಇದನ್ನು ಬರೀ ಕೇಳಿ ಹಿಡಿಯುವುದು ಕಷ್ಟ. ಯಾರಾದರೂ ತಿದ್ದಿ ಹೇಳಬೇಕು. ‘ವ್ಯಾಕರಣ ಬೇಡ’ ಎಂಬ ಜಾಹೀರಾತಿನ ಮಾತು ಎಡವುವುದು ಇಲ್ಲೇ.

ಹಣ ಕಟ್ಟುವ ಮುನ್ನ ಇವನ್ನು ಕೇಳಿ

1. ತರಗತಿ ದಿನಕ್ಕೆ ಎಷ್ಟು ಗಂಟೆ? ಉಳಿದದ್ದು ಪ್ರವಾಸವೇ?

2. ಒಂದೇ ಮನೆಯಲ್ಲಿ ಭಾರತದ ಎಷ್ಟು ಮಕ್ಕಳನ್ನು ಇರಿಸುತ್ತಾರೆ? ನಾಲ್ವರು ಒಟ್ಟಿಗಿದ್ದರೆ ಊಟದ ಮೇಜಿನಲ್ಲಿ ನಡೆಯುವುದು ಇಂಗ್ಲಿಷೇ.

3. ಯಾವ ತಿಂಗಳು? ನಮ್ಮ ರಜೆ ಏಪ್ರಿಲ್-ಮೇ. ಯುರೋಪಿನ ಬೇಸಿಗೆ ಜೂನ್‌ನಿಂದ ಆಗಸ್ಟ್. ಅಷ್ಟರಲ್ಲಿ ಇಲ್ಲಿ ಶಾಲೆ ಶುರುವಾಗಿರುತ್ತದೆ.

4. ‘ಹೋದವರಿಗೆ ಅಲ್ಲೇ ಕೆಲಸ’ ಎಂದು ಬರೆದಿದೆಯೇ? ನಂಬಬೇಡಿ. ಸ್ಪೇನ್ ಸೇರಿದ ಷೆಂಗೆನ್ ದೇಶಗಳ ಅಲ್ಪಾವಧಿ ವೀಸಾದಲ್ಲಿ 180 ದಿನಗಳೊಳಗೆ ಇರಬಹುದಾದದ್ದು ಹೆಚ್ಚೆಂದರೆ 90 ದಿನ. ಅದು ಕೆಲಸದ ಪರವಾನಗಿಯೂ ಅಲ್ಲ.

5. ಕೊನೆಗೆ ಸಿಗುವ ಪ್ರಮಾಣಪತ್ರ ಯಾರದ್ದು? ಸ್ಪೇನ್ ಸರ್ಕಾರದ ಪರವಾಗಿ ಸೆರ್ವಾಂಟೆಸ್ ಸಂಸ್ಥೆ ನೀಡುವ ‘ಡೆಲೆ’ಗೆ ಎ1ರಿಂದ ಸಿ2ರವರೆಗೆ ಮಟ್ಟಗಳಿವೆ. ಅದಕ್ಕೆ ಪರೀಕ್ಷೆ ಬರೆದು ಪಾಸಾಗಬೇಕು. ಶಿಬಿರಕ್ಕೆ ಹಾಜರಾದ ಪತ್ರವೇ ಬೇರೆ, ಇದೇ ಬೇರೆ.

ಹಾಗಾದರೆ ಏನು ಮಾಡಬೇಕು?

ಮಗುವಿಗೆ ನಿಜಕ್ಕೂ ಆಸಕ್ತಿ ಇದ್ದರೆ ಮೊದಲು ಇಲ್ಲೇ ಆರು ತಿಂಗಳೋ ಒಂದು ವರ್ಷವೋ ಕಲಿಯಲಿ. ದಿನಕ್ಕೆ ಅರ್ಧ ಗಂಟೆ ಬಾಯಿಬಿಟ್ಟು ಮಾತಾಡಲಿ, ತಪ್ಪಿದರೂ ಚಿಂತೆಯಿಲ್ಲ. ಗೆಳೆಯರಿಬ್ಬರು ‘ಈ ಗಂಟೆ ಸ್ಪ್ಯಾನಿಷ್ ಮಾತ್ರ’ ಎಂದು ನಿಯಮ ಮಾಡಿಕೊಂಡರೆ ಬ್ಯಾಡರಹಳ್ಳಿಯ ಮಹಡಿಯ ಮೇಲೂ ಪುಟ್ಟ ಶಿಬಿರ ನಡೆದೀತು. ಅಷ್ಟಾದ ಮೇಲೆ, ಹಣದ ಅನುಕೂಲವಿದ್ದರೆ, ಹೋಗಿ ಬರಲಿ. ಆಗ ಅಲ್ಲಿನ ಪ್ರತಿ ದಿನವೂ ಉಪಯೋಗಕ್ಕೆ ಬರುತ್ತದೆ. ಮರಳಿದ ಮೇಲೂ ಅಭ್ಯಾಸ ಬಿಡಬಾರದು. ಬಳಸದ ಭಾಷೆ ತುಕ್ಕು ಹಿಡಿಯುತ್ತದೆ.

ಹಣದ ಅನುಕೂಲವಿಲ್ಲವೇ? ಮಗುವಿಗೆ ಏನೋ ತಪ್ಪಿಹೋಯಿತೆಂದು ಕೊರಗಬೇಡಿ, ಒಡವೆ ಅಡವಿಡಲೂ ಹೋಗಬೇಡಿ. ಒಂದು ಬೇಸಿಗೆಯಲ್ಲಿ ಬರದ ಭಾಷೆ ಎರಡು ವರ್ಷ ದಿನವೂ ಮಾತಾಡಿದರೆ ಬರುತ್ತದೆ.

ಒಟ್ಟಿನಲ್ಲಿ, ‘ಹೋದರೆ ಸಾಕು, ಭಾಷೆ ತಾನಾಗಿ ಬರುತ್ತದೆ’ ಎಂಬುದು ಅರ್ಧ ಸತ್ಯ. ಹೋಗುವುದರಿಂದ ಮಾತಾಡುವ ಅವಕಾಶ ಸಿಗುತ್ತದೆ, ಮಾತಾಡಿದರೆ ಮಾತ್ರ ಭಾಷೆ ಬರುತ್ತದೆ. ಮುಂದಿನ ಸಲ ಆ ಸಂದೇಶ ನಿಮ್ಮ ಗ್ರೂಪ್‌ಗೆ ಬಂದರೆ, ಮೇಲಿನ ಐದು ಪ್ರಶ್ನೆಗಳನ್ನೂ ಅದರ ಜೊತೆಗೆ ಕಳಿಸಿ.