ಎಳೆಯುವುದು ಬೇರೆ, ಹೊರುವುದು ಬೇರೆ

ಅಮೆರಿಕದ ಅಯೋವಾ ರಾಜ್ಯದಲ್ಲಿ ವಾಲ್ಕಾಟ್ ಎಂಬ ಪುಟ್ಟ ಊರು. ಅಲ್ಲಿ ಇಂಟರ್‌ಸ್ಟೇಟ್ 80 ಹೆದ್ದಾರಿಯ ಮಗ್ಗುಲಲ್ಲೇ ಲಾರಿಗಳ ತಂಗುದಾಣವಿದೆ. ಹೆಸರೂ ಅಯೋವಾ 80. ಜಗತ್ತಿನಲ್ಲೇ ದೊಡ್ಡದು ಎಂದು ಬೋರ್ಡು ಹಾಕಿಕೊಂಡಿದ್ದಾರೆ. ಕ್ಷೌರದಂಗಡಿ, ಹಲ್ಲಿನ ಡಾಕ್ಟರು, ಸಿನಿಮಾ ಕೋಣೆ ಎಲ್ಲ ಒಳಗೇ ಇರುವುದರಿಂದ ನಂಬದೆ ವಿಧಿಯಿಲ್ಲ. ಇವೆಲ್ಲಕ್ಕಿಂತ ನನಗೆ ಹಿಡಿಸಿದ್ದು ಹೊರಗಿರುವ ವೇಬ್ರಿಡ್ಜ್. ಬಿಲ್ ಮೂನ್ ಎಂಬಾತ 1977ರಲ್ಲಿ ಇದೇ ಊರಲ್ಲಿ ಶುರು ಮಾಡಿದ ‘ಕ್ಯಾಟ್ ಸ್ಕೇಲ್’ ಈಗ ಎರಡು ಸಾವಿರಕ್ಕೂ ಹೆಚ್ಚು ಕಡೆ ಇದೆ. ತಮ್ಮ ಚೀಟಿ ನಂಬಿಕೊಂಡು ಹೋದ ಲಾರಿಗೆ ಮುಂದೆ ಓವರ್‌ಲೋಡ್ ದಂಡ ಬಿದ್ದರೆ ದಂಡ ತಾವೇ ಕಟ್ಟುತ್ತೇವೆ, ಇಲ್ಲವೇ ಡ್ರೈವರ್ ಜತೆ ಕೋರ್ಟಿಗೆ ಬರುತ್ತೇವೆ ಎಂದು ಕಂಪನಿ ಮಾತು ಕೊಡುತ್ತದೆ.

ನಮ್ಮ ಭಾವ ರಿಟೈರಾದ ಮೇಲೆ ಕೊಂಡ ಮನೆಗಾಡಿಯನ್ನು ಅಲ್ಲಿ ತೂಗಿಸಿದೆವು. ಇದು ಫಿಫ್ತ್ ವೀಲ್ ಟ್ರೇಲರ್. ಕಾರಿನ ಬಂಪರಿಗೆ ಸಿಕ್ಕಿಸುವ ಜಾತಿಯದಲ್ಲ. ಇದರ ಮೂತಿ ಪಿಕಪ್ಪಿನ ತೊಟ್ಟಿಯ ಮೇಲೆಯೇ ಬಂದು ಕೂರುತ್ತದೆ. ಮೂತಿಯಡಿಯ ದಪ್ಪ ಕಬ್ಬಿಣದ ಗೂಟ, ಅಂದರೆ ಕಿಂಗ್‌ಪಿನ್, ತೊಟ್ಟಿಯಲ್ಲಿರುವ ಹಿಚ್ಚಿಗೆ ಬೀಗದಂತೆ ಬೀಳುತ್ತದೆ. ಭಾವ ಪಿಕಪ್ಪಿನ ಮುಂದಿನ ಗಾಲಿ ಮೊದಲ ಹಾಸಿನ ಮೇಲೆ, ಹಿಂದಿನ ಗಾಲಿ ಎರಡನೆಯದರ ಮೇಲೆ, ಟ್ರೇಲರಿನ ಗಾಲಿಗಳು ಮೂರನೆಯದರ ಮೇಲೆ ಬರುವಂತೆ ನಿಲ್ಲಿಸಿದರು. ಕರೆಗಂಟೆ ಇರುವುದು ಲಾರಿ ಡ್ರೈವರುಗಳ ಎತ್ತರಕ್ಕೆ. ಕಿಟಕಿಯಿಂದ ಅರ್ಧ ಮೈ ಹೊರಚಾಚಿ ಒತ್ತಬೇಕಾಯಿತು.

ಚೀಟಿ ಬಂತು. ಸ್ಟಿಯರ್ ಆಕ್ಸಲ್ 4,660, ಡ್ರೈವ್ ಆಕ್ಸಲ್ 5,840, ಟ್ರೇಲರ್ ಆಕ್ಸಲ್ 9,600. ಒಟ್ಟು 20,100 ಪೌಂಡು, ಅಂದರೆ ಒಂಬತ್ತು ಟನ್ನಿಗೆ ಕೊಂಚ ಹೆಚ್ಚು. ಆಮೇಲೆ ಟ್ರೇಲರನ್ನು ಪಕ್ಕದಲ್ಲಿ ಬಿಚ್ಚಿಟ್ಟು ಬರೀ ಪಿಕಪ್ಪನ್ನು ಮತ್ತೆ ತೂಗಿಸಿದೆವು. ಮುಂದೆ 4,600, ಹಿಂದೆ 3,200, ಒಟ್ಟು 7,800.

“ಈಗ ನೀನೇ ಕಳೆದು ನೋಡು” ಅಂದರು ಭಾವ.

ಕಳೆದೆ. ಟ್ರೇಲರಿನ ನಿಜವಾದ ತೂಕ 12,300. ಅದರಲ್ಲಿ ಪಿಕಪ್ಪಿನ ಬೆನ್ನಿಗೆ ಬಿದ್ದದ್ದು 2,700 ಪೌಂಡು, ಅಂದರೆ ನೂರಕ್ಕೆ 22. ಬಂಪರಿಗೆ ಸಿಕ್ಕಿಸುವ ಟ್ರೇಲರಿನಲ್ಲಿ ಈ ಪಾಲು ಸಾಮಾನ್ಯವಾಗಿ ನೂರಕ್ಕೆ 10ರಿಂದ 15. ಫಿಫ್ತ್ ವೀಲಿನಲ್ಲಿ 15ರಿಂದ 25. ಆ 2,700ರಲ್ಲಿ ಮುಂದಿನ ಆಕ್ಸಲ್ ಹೊತ್ತದ್ದು ಬರೀ 60, ಉಳಿದ 2,640 ಪೂರ್ತಿ ಹಿಂದಿನದರ ಮೇಲೆ. ಹಿಚ್ ಹಿಂದಿನ ಆಕ್ಸಲಿನ ನೆತ್ತಿಯ ಮೇಲೆ, ಒಂದಿಷ್ಟೇ ಮುಂದಕ್ಕೆ ಇರುವುದರಿಂದ ಹೀಗೆ. ಎತ್ತಿನ ಗಾಡಿಗೆ ಹೇರು ಹಾಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಹಿಂಭಾರವಾದರೆ ಮೂಕಿ ಮೇಲೇಳುತ್ತದೆ, ಮುಂಭಾರವಾದರೆ ಎತ್ತಿನ ಹೆಗಲು ಕುಸಿಯುತ್ತದೆ. ಇಲ್ಲೂ ಪಾಲು ತೀರಾ ಇಳಿದರೆ ಟ್ರೇಲರ್ ರಸ್ತೆಯಲ್ಲಿ ತೊನೆಯತೊಡಗುತ್ತದೆ.

ಈ ಜೋಡಣೆಯ ಇತಿಹಾಸ ಕೆದಕುವಾಗ ನನಗೆ ಸಿಕ್ಕವನು ಗ್ಲೆನ್ ಕರ್ಟಿಸ್. ವಿಮಾನ ಚರಿತ್ರೆಯಲ್ಲಿ ರೈಟ್ ಸಹೋದರರ ಎದುರಾಳಿ; 1907ರಲ್ಲಿ ತಾನೇ ಕಟ್ಟಿದ ಎಂಟು ಸಿಲಿಂಡರಿನ ಮೋಟಾರ್ ಸೈಕಲ್ಲನ್ನು ಗಂಟೆಗೆ 136 ಮೈಲಿ ಓಡಿಸಿದ ಭೂಪ. ಫ್ಲಾರಿಡಾಕ್ಕೆ ಹೋಗಿ ನೆಲೆಸಿದ ಮೇಲೂ ಕೈಕಟ್ಟಿ ಕೂರಲಿಲ್ಲ; 1920ರ ದಶಕದ ಕೊನೆಯಲ್ಲಿ ‘ಏರೋಕಾರ್’ ಎಂಬ ಟ್ರೇಲರ್ ಮಾಡಿದ. ವಿಮಾನದ ಹಾಗೆ ತಂತಿ ಬಿಗಿದು ಕಟ್ಟಿದ ಹಗುರ ಮೈ. ಅದರ ಜೋಡಣೆಯಂತೂ ಇನ್ನೂ ಸೊಗಸು. ಕಾರಿನ ಹಿಂಭಾಗದಲ್ಲಿ ಗಾಳಿ ತುಂಬಿದ ಟೈರಿನ ಚಕ್ರವೊಂದನ್ನು ಅಡ್ಡ ಮಲಗಿಸಿ, ಟ್ರೇಲರಿನ ಮೂತಿಯ ಗೂಟವನ್ನು ಅದರ ಗುಂಬದೊಳಗೆ ಇಳಿಬಿಟ್ಟ. ಎಳೆತದ ಜಗ್ಗಾಟವನ್ನೆಲ್ಲ ಟೈರೇ ನುಂಗಿಕೊಳ್ಳುತ್ತಿತ್ತು! ಕರ್ಟಿಸ್ 1930ರಲ್ಲಿ ತೀರಿಕೊಂಡ. ವಾಲ್‌ಚಂದ್ ಹೀರಾಚಂದ್ ಮೈಸೂರು ಸಂಸ್ಥಾನದ ಜತೆಗೂಡಿ 1940ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಮೊದಮೊದಲು ಜೋಡಿಸಿದ ವಿಮಾನಗಳಲ್ಲಿ ಅವನ ಹೆಸರು ಹೊತ್ತ ಕರ್ಟಿಸ್ ಹಾಕ್ ಕೂಡ ಒಂದು. ಆಕ್ಸಲ್ ಲೆಕ್ಕಕ್ಕೂ ಇದಕ್ಕೂ ಸಂಬಂಧ ಕಡಿಮೆ, ಗೊತ್ತು. ಬಿಡಲು ಮನಸ್ಸಾಗಲಿಲ್ಲ.

ಮತ್ತೆ ಚೀಟಿಗೆ ಬರೋಣ. ಈ ಪಿಕಪ್ಪು 15,000 ಪೌಂಡು ಎಳೆಯುತ್ತದೆ ಎಂದು ಜಾಹೀರಾತು ಹೇಳಿತ್ತು. ಅದು ಸುಳ್ಳಲ್ಲ, ಎಂಜಿನ್ ಎಳೆಯುತ್ತದೆ. ಆದರೆ ಡ್ರೈವರ್ ಬಾಗಿಲ ಚೌಕಟ್ಟಿನ ಪಟ್ಟಿ ಹೇಳುವ ಲೆಕ್ಕವೇ ಬೇರೆ: ಹಿಂದಿನ ಆಕ್ಸಲಿನ ಮಿತಿ 6,200, ಇಡೀ ಪಿಕಪ್ಪಿನ ಮಿತಿ 10,000. ಹಿಂದಿನ ಆಕ್ಸಲ್ ಪಾಸು, 360 ಬಾಕಿಯೂ ಇದೆ. ತಲಾ 2,920 ಹೊತ್ತ ಹಿಂದಿನ ಟೈರುಗಳೂ ಪಾಸು. ಅವುಗಳ ಬದಿಯಲ್ಲಿ 3,195 ಎಂದು ಅಚ್ಚಾಗಿದೆ. ಮುಂದಿನ, ಹಿಂದಿನ ಆಕ್ಸಲ್ ಕೂಡಿಸಿದರೆ ಮಾತ್ರ 10,500. ಅಲ್ಲಿ ಫೇಲು.

“ಆಕ್ಸಲ್ಲೂ ತಡೀತದೆ, ಟೈರೂ ತಡೀತದೆ. ಮತ್ತೆ ಯಾವುದು ಮುರಿಯೋದು?” ಎಂದು ಭಾವ ವಾದಕ್ಕೇ ನಿಂತರು.

ವಾದದಲ್ಲಿ ಹುರುಳಿಲ್ಲದೆ ಇಲ್ಲ. ಅಮೆರಿಕದಲ್ಲಿ ರಾಜ್ಯದಿಂದ ರಾಜ್ಯಕ್ಕೆ ಓಡುವ ವಾಣಿಜ್ಯ ವಾಹನಕ್ಕೆ ಕೇಂದ್ರದ ಕಟ್ಟುಪಾಡು ಸುತ್ತಿಕೊಳ್ಳುವುದು 10,001 ಪೌಂಡಿನಿಂದ. ಅಷ್ಟೊಂದು ಮಾದರಿಗಳ ಮಿತಿ ಸರಿಯಾಗಿ 10,000ಕ್ಕೇ ಬಂದು ನಿಲ್ಲುವುದನ್ನು ಕಂಡರೆ, ಆ ಅಂಕಿಯಲ್ಲಿ ಎಂಜಿನಿಯರನ ಜತೆ ವಕೀಲನ ಕೈಯೂ ಇದೆ ಎಂಬ ಗುಮಾನಿ ನನಗೂ ಉಂಟು. ಹಾಗೆಂದು ಅದನ್ನು ತೂರಿಬಿಡುವುದು ನನಗೆ ಒಪ್ಪಿಗೆಯಿಲ್ಲ. ಒಟ್ಟು ಮಿತಿ ಆಕ್ಸಲ್, ಟೈರುಗಳ ಮಾತಷ್ಟೇ ಅಲ್ಲ. ಬ್ರೇಕು, ಚಾಸಿಯ ಹೊಣೆಯೂ ಅದರಲ್ಲೇ ಸೇರಿದೆ. ಇಳಿಜಾರಿನಲ್ಲಿ ಬೇಕಾಗುವುದು ಅದೇ.

ಕೊಳ್ಳುವವರು ಲೆಕ್ಕವನ್ನು ತಲೆಕೆಳಗು ಮಾಡುತ್ತಾರೆ: ಟ್ರೇಲರ್ ಮೊದಲು, ತೂಕ ಆಮೇಲೆ. ಅಂಗಡಿಯವರು ಹೇಳುವ ಪಿನ್ ತೂಕ ಖಾಲಿ ಟ್ರೇಲರಿನದು; ನೀರು, ಬಟ್ಟೆ, ಪಾತ್ರೆ ತುಂಬಿದ ಮೇಲೆ ಅದು ಉಳಿಯುವುದಿಲ್ಲ. ಅದರಲ್ಲೂ ಸಾಮಾನಿನ ದೊಡ್ಡ ಗೂಡು ಇರುವುದು ಮೂತಿಯ ಹತ್ತಿರವೇ. ಪಿಕಪ್ಪಿಗೆ ಟ್ಯಾಂಕು ತುಂಬಿಸಿ, ಹಿಚ್ ಕೂರಿಸಿ, ಮನೆಯವರನ್ನೆಲ್ಲ ಹತ್ತಿಸಿಕೊಂಡು ಮೊದಲು ತೂಗಿಸಿ. ಬಾಗಿಲ ಪಟ್ಟಿಯ ಅಂಕಿಯಿಂದ ಅದನ್ನು ಕಳೆಯಿರಿ. ಭಾವನ ಪಾಲಿಗೆ ಉಳಿಯುತ್ತಿದ್ದದ್ದು 2,200. ತುಂಬಿದ ಟ್ರೇಲರಿನ ಐದನೇ ಒಂದು ಪಾಲು ಪಿನ್ನಿಗೆ ಬೀಳುತ್ತದೆಂದು ಹಿಡಿದರೆ, 11,000 ಪೌಂಡಿನೊಳಗಿನ ಟ್ರೇಲರ್ ನೋಡಬೇಕಿತ್ತು. 15,000 ಎಂಬುದು ಅವರಿಗೆ ಸಂಬಂಧಪಟ್ಟ ಅಂಕಿಯೇ ಆಗಿರಲಿಲ್ಲ.