ಕುದುರೆ ಸಾಗಣೆ: ಕಾಲಿನ ರಕ್ಷಣೆ ವಾಹನದ ನೆಲದಿಂದಲೇ ಆರಂಭ

ವಿಜಯಪುರ: ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ತೇರು, ಕುಸ್ತಿ, ಜಾನುವಾರು ಸಂತೆಗಳ ಜೊತೆಗೆ ಗಾಡಿ ಓಟಕ್ಕೂ ಒಂದು ಸ್ಥಾನವಿದೆ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳ ಹಲವೆಡೆ ಎತ್ತಿನ ಗಾಡಿಯಂತೆಯೇ ಕುದುರೆ ಗಾಡಿಯ ಓಟವೂ ನಡೆಯುತ್ತದೆ. ಹಿಂದೆ ಇಂತಹ ಕುದುರೆಗಳು ಊರಿಂದೂರಿಗೆ ನಡೆದೇ ಹೋಗುತ್ತಿದ್ದವು. ಈಗ ಅವು ಸಣ್ಣ ಸರಕು ವಾಹನಗಳನ್ನು ಏರಿ ಬರುತ್ತವೆ. ನಡಿಗೆಯ ದಣಿವು ತಪ್ಪಿತು, ನಿಜ. ಆದರೆ ಓಟದ ಕಣ ಮುಟ್ಟುವ ಮೊದಲೇ ಕಾಲಿಗೆ ಗಾಯ ಮಾಡಿಕೊಳ್ಳುವ ಹೊಸದೊಂದು ಅಪಾಯ ಅದರ ಜೊತೆಗೇ ಬಂದಿತು.

ಕುದುರೆಯ ಬೆಲೆಯೆಲ್ಲ ಅದರ ಕಾಲಿನಲ್ಲಿದೆ. ಕಾಲು ಕೆಟ್ಟ ಕುದುರೆ ಗಾಡಿಗೂ ಬಾರದು, ಸವಾರಿಗೂ ಬಾರದು, ಮಾರಾಟಕ್ಕೂ ಬಾರದು. ಟಾಂಗಾ ಹೊಡೆದು ಸಂಸಾರ ನಡೆಸುವವನಿಗಂತೂ ಕುದುರೆ ಕುಂಟಿದ ದಿನದಿಂದಲೇ ದುಡಿಮೆ ನಿಂತಂತೆ. ಆದುದರಿಂದ ಸಾಗಣೆಯ ಸಮಯದಲ್ಲಿ ಕಾಲನ್ನು ಕಾಪಾಡುವ ಬಗೆಯನ್ನು ತಿಳಿದುಕೊಳ್ಳುವುದು ಕೇವಲ ಪ್ರಾಣಿದಯೆಯ ಮಾತಲ್ಲ, ಹೊಟ್ಟೆಪಾಡಿನ ಮಾತೂ ಹೌದು.

ಕಡಲು ದಾಟಿ ಬಂದ ಕುದುರೆಗಳು

ಕುದುರೆ ಸಾಗಣೆ ಈ ಸೀಮೆಗೆ ಹೊಸತೇನಲ್ಲ. ಆದಿಲ್‌ಶಾಹಿಗಳ ವಿಜಯಪುರಕ್ಕೂ ವಿಜಯನಗರಕ್ಕೂ ಯುದ್ಧದ ಕುದುರೆಗಳು ಅರೇಬಿಯಾ, ಪರ್ಷಿಯಾಗಳಿಂದ ಹಡಗಿನಲ್ಲಿ ಬರುತ್ತಿದ್ದವು. ಅವನ್ನು ಇಳಿಸಿಕೊಳ್ಳುತ್ತಿದ್ದ ಬಂದರುಗಳಲ್ಲಿ ಗೋವಾ ಮುಖ್ಯವಾದುದು. 1510ರಲ್ಲಿ ಪೋರ್ಚುಗೀಸರ ಆಲ್ಬುಕರ್ಕ್ ಗೋವಾವನ್ನು ಆದಿಲ್‌ಶಾಹಿಗಳಿಂದ ಕಸಿದುಕೊಂಡ ನಂತರ ಕುದುರೆ ವ್ಯಾಪಾರದ ಸುಂಕ ಪೋರ್ಚುಗೀಸರ ಪಾಲಾಯಿತು.

ಈ ಸಾಗಣೆಯಲ್ಲಿ ಎಷ್ಟೋ ಕುದುರೆಗಳು ದಾರಿಯಲ್ಲೇ ಸಾಯುತ್ತಿದ್ದವು. ವಿಜಯನಗರದ ದೊರೆ ಸಾಳುವ ನರಸಿಂಹನು ಕಡಲಿನಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಸಾಕು, ಬದುಕಿದ ಕುದುರೆಯ ಬೆಲೆಯನ್ನೇ ಕೊಡುತ್ತಿದ್ದನೆಂದು 16ನೇ ಶತಮಾನದ ಪೋರ್ಚುಗೀಸ್ ವ್ಯಾಪಾರಿ ಫೆರ್ನಾವೊ ನೂನಿಸ್ ಬರೆದಿಟ್ಟಿದ್ದಾನೆ. ಸಾಗಣೆಯ ನಷ್ಟವನ್ನು ಅಂದು ಅರಸನ ಬೊಕ್ಕಸ ಹೊತ್ತಿತು. ಇಂದು ಅದನ್ನು ಹೊರಬೇಕಾದವನು ಕುದುರೆಯ ಒಡೆಯನೇ.

ಮೊಣಕಾಲಿನ ಕೆಳಗೆ ಮಾಂಸವಿಲ್ಲ

ಕುದುರೆಯ ಕಾಲು ಇಷ್ಟು ಸೂಕ್ಷ್ಮವೇಕೆಂಬುದನ್ನು ಅದರ ರಚನೆಯೇ ಹೇಳುತ್ತದೆ. ಮುಂಗಾಲಿನ ಮೊಣಕಾಲು ಹಾಗೂ ಹಿಂಗಾಲಿನ ಮಡಿಕೆಯ ಕೀಲಿನಿಂದ ಕೆಳಗೆ ಮಾಂಸಖಂಡಗಳೇ ಇಲ್ಲವೆನ್ನಬಹುದು. ಅಲ್ಲಿರುವುದು ಎಲುಬು, ಅದರ ಹಿಂಬದಿಯಲ್ಲಿ ಹಗ್ಗದಂತೆ ಇಳಿದುಬರುವ ಸ್ನಾಯುರಜ್ಜುಗಳು ಮತ್ತು ಮೇಲೊಂದು ತೆಳುವಾದ ಚರ್ಮ. ತೊಡೆಗೆ ಬಿದ್ದ ಪೆಟ್ಟನ್ನು ಮಾಂಸ ತಾಳಿಕೊಳ್ಳುತ್ತದೆ. ಕಣಕಾಲಿಗೆ ಬಿದ್ದ ಪೆಟ್ಟು ನೇರವಾಗಿ ಎಲುಬಿಗೆ ಇಲ್ಲವೇ ರಜ್ಜುವಿಗೆ ತಾಗುತ್ತದೆ. ರಜ್ಜುಗಳಿಗೆ ರಕ್ತದ ಪೂರೈಕೆ ಕಡಿಮೆಯಾದ್ದರಿಂದ ಅವು ಮಾಯಲು ತಿಂಗಳುಗಳೇ ಬೇಕು. ಮಾಯ್ದ ಮೇಲೂ ಮೊದಲಿನ ಬಲ ಬರುವುದು ಕಷ್ಟ.

ಎರಡನೆಯ ಸೂಕ್ಷ್ಮ ಜಾಗವೆಂದರೆ ಗೊರಸಿನ ಮೇಲಂಚು, ಅಂದರೆ ಕೂದಲಿರುವ ಚರ್ಮವೂ ಗೊರಸೂ ಕೂಡುವ ಗೆರೆ. ಗೊರಸು ಬೆಳೆಯುವುದು ಈ ಅಂಚಿನಿಂದಲೇ. ಇಲ್ಲಿ ಆಳವಾದ ಗಾಯವಾದರೆ ಮುಂದೆ ಬೆಳೆಯುವ ಗೊರಸಿನಲ್ಲಿ ಬಿರುಕು ಉಳಿದುಬಿಡಬಹುದು. ಮೇಲಂಚಿನಲ್ಲಿ ಹುಟ್ಟಿದ ಗೊರಸು ಕೆಳಗಿನ ತುದಿ ಮುಟ್ಟಲು ಹೆಚ್ಚುಕಡಿಮೆ ಒಂದು ವರ್ಷ ಹಿಡಿಯುತ್ತದೆ. ವಾಹನದಲ್ಲಿ ಆಯ ತಪ್ಪಿದ ಕುದುರೆ ತುಳಿಯುವುದು ಹೆಚ್ಚಾಗಿ ಈ ಜಾಗವನ್ನೇ. ಒಮ್ಮೊಮ್ಮೆ ತನ್ನದನ್ನು ತಾನೇ ತುಳಿದುಕೊಳ್ಳುತ್ತದೆ, ಒಮ್ಮೊಮ್ಮೆ ಪಕ್ಕದ ಕುದುರೆಯದನ್ನು ತುಳಿಯುತ್ತದೆ. ಕಾಲಿನಲ್ಲಿ ಲಾಳವಿದ್ದರಂತೂ ಗಾಯ ಇನ್ನೂ ಆಳವಾಗುತ್ತದೆ.

ಎಲುಬು ಮುರಿದರೆ ಪರಿಸ್ಥಿತಿ ಮತ್ತಷ್ಟು ಕಠಿಣ. ಮುನ್ನೂರು ನಾನೂರು ಕಿಲೋ ತೂಕದ ಪ್ರಾಣಿ ತಿಂಗಳುಗಟ್ಟಲೆ ಮೂರು ಕಾಲಿನ ಮೇಲೆ ನಿಲ್ಲಲಾರದು. ಹೆಚ್ಚಿನ ಭಾರ ಹೊತ್ತ ಒಳ್ಳೆಯ ಕಾಲಿನ ಗೊರಸಿನೊಳಗೂ ಉರಿಯೂತ ಕಾಣಿಸಿಕೊಳ್ಳುತ್ತದೆ. ಕಾಲು ಮುರಿದ ಕುದುರೆಗೆ ಅನೇಕ ವೇಳೆ ದಯಾಮರಣವೇ ಗತಿಯಾಗುವುದು ಈ ಕಾರಣದಿಂದ.

ಪಟ್ಟಿ ಕೊನೆಯ ರಕ್ಷಣೆ

ಸಾಗಣೆಯಲ್ಲಿ ಕಾಲಿನ ರಕ್ಷಣೆ ಎಂದೊಡನೆ ನೆನಪಾಗುವುದು ಕಾಲಿಗೆ ಸುತ್ತುವ ಬಟ್ಟೆಪಟ್ಟಿ. ಅದು ಉಪಯುಕ್ತ, ಸಂದೇಹವಿಲ್ಲ. ಆದರೆ ಪಟ್ಟಿ ಪೆಟ್ಟಿನ ಬಿರುಸನ್ನು ತಗ್ಗಿಸೀತೇ ಹೊರತು ಕುದುರೆ ಜಾರುವುದನ್ನು ತಡೆಯದು. ಕುದುರೆ ಜಾರುವುದು ನೆಲದಿಂದ, ವಾಲುವುದು ತಿರುವಿನಿಂದ, ಮುಗ್ಗರಿಸುವುದು ಬ್ರೇಕಿನಿಂದ, ಕಾಲು ಸಿಕ್ಕಿಸಿಕೊಳ್ಳುವುದು ವಾಹನದ ಸಂದಿನಿಂದ. ಈ ನಾಲ್ಕನ್ನೂ ಸರಿಪಡಿಸದೆ ಪಟ್ಟಿಯೊಂದನ್ನೇ ಸುತ್ತಿದರೆ ಫಲ ಅಷ್ಟಕ್ಕಷ್ಟೆ.

ಪ್ರಾಣಿ ಹಿಂಸೆ ತಡೆ ಕಾಯ್ದೆ (1960)ಯ ಅಡಿಯಲ್ಲಿ ಬಂದ 1978ರ ಪ್ರಾಣಿ ಸಾಗಣೆ ನಿಯಮಗಳ ಧೋರಣೆಯೂ ಇದೇ. ಕುದುರೆ, ಹೇಸರಗತ್ತೆ, ಕತ್ತೆಗಳಿಗೆಂದೇ ಅದರಲ್ಲಿ ಪ್ರತ್ಯೇಕ ಅಧ್ಯಾಯವಿದೆ. ಸರಕು ವಾಹನದಲ್ಲಿ ಒಯ್ಯುವುದಾದರೆ ನೆಲದ ಮೇಲೆ ಜಾರದಂತಹ ಹಾಸು ಇರಬೇಕು. ಎರಡು ಕುದುರೆಗಳ ನಡುವೆ ಕನಿಷ್ಠ 8 ಸೆಂ.ಮೀ. ದಪ್ಪದ ಬಿದಿರು ಗಳು ಕಟ್ಟಬೇಕು, ಹಿಂಬದಿಗೆ ಎರಡು ಗಟ್ಟಿ ಅಡ್ಡಪಟ್ಟಿಗಳಿರಬೇಕು. ಹತ್ತಿಸಲು, ಇಳಿಸಲು ಇಳಿಜಾರು ಹಲಗೆ ಇಲ್ಲವೇ ಕಟ್ಟೆ ಬೇಕು. ಎದುರಿನಿಂದ ಬರುವ ವಾಹನಗಳಿಗೆ ಬೆದರದಂತೆ ಕುದುರೆಯ ಮುಖ ರಸ್ತೆಯ ಎಡಬದಿಗಿರಬೇಕು. ಒಂದು ವಾಹನದಲ್ಲಿ ನಾಲ್ಕರಿಂದ ಆರಕ್ಕಿಂತ ಹೆಚ್ಚು ಕುದುರೆಗಳಿರಬಾರದು. ನೋಡಿಕೊಳ್ಳಲು ಒಬ್ಬ ಆಳು ಜೊತೆಗಿರಬೇಕು. ವೇಗ ಗಂಟೆಗೆ 35 ಕಿ.ಮೀ. ಮೀರಬಾರದು. ಪಶುವೈದ್ಯರ ಪ್ರಮಾಣಪತ್ರವೂ ಅಗತ್ಯ.

2015ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿ ಜಾಗದ ಲೆಕ್ಕವನ್ನೂ ಗೊತ್ತುಮಾಡಿತು. ಒಂದು ಕುದುರೆಗೆ 2.25 ಚದರ ಮೀಟರ್, ಹಸು-ಎಮ್ಮೆಗೆ 2 ಚದರ ಮೀಟರ್ ಜಾಗ ಬೇಕು, ನಡುವೆ ಕಾಯಂ ಅಡ್ಡಗೋಡೆಗಳಿರಬೇಕು. ಹಳ್ಳಿಗಳಲ್ಲಿ ಬಳಕೆಯಲ್ಲಿರುವ ಸಣ್ಣ ಸರಕು ವಾಹನದ ತೊಟ್ಟಿ ಸುಮಾರು ಏಳು ಅಡಿ ಉದ್ದ, ಐದು ಅಡಿ ಅಗಲ. ಅಂದರೆ ಮೂರೂಕಾಲು ಚದರ ಮೀಟರ್. ಈ ಲೆಕ್ಕದಲ್ಲಿ ಅದು ಒಂದೇ ಕುದುರೆಗೆ ಸಾಕಾಗುವ ವಾಹನ. ಜೋಡಿ ಕುದುರೆಗಳನ್ನು ಒತ್ತೊತ್ತಾಗಿ ನಿಲ್ಲಿಸಿದರೆ ಬೀಳಲಾರವು ಎಂಬ ನಂಬಿಕೆ ಕೆಲವರಲ್ಲಿದೆ. ಅದು ತಪ್ಪು. ಆಯ ಕಾಯ್ದುಕೊಳ್ಳಲು ಕುದುರೆ ನಾಲ್ಕೂ ಕಾಲುಗಳನ್ನು ಅಗಲಿಸಿ ನಿಲ್ಲಬೇಕು. ಅದಕ್ಕೆ ಜಾಗವಿಲ್ಲದಿದ್ದರೆ ಒಂದರ ಗೊರಸು ಇನ್ನೊಂದರ ಕಾಲಿನ ಮೇಲೆ ಬೀಳುತ್ತದೆ.

ನೆಲ, ಏರು, ತಿರುವು

ವಾಹನದ ಕಬ್ಬಿಣದ ತಗಡಿನ ನೆಲ ಒಣಗಿದ್ದಾಗಲೇ ಜಾರುತ್ತದೆ. ಮೂತ್ರ, ಲದ್ದಿ ಬಿದ್ದ ಮೇಲೆ ಹೇಳುವಂತೆಯೇ ಇಲ್ಲ. ಅದರ ಮೇಲೆ ಬರಿಯ ಹುಲ್ಲು ಹಾಸಿದರೆ ಹುಲ್ಲೇ ಜಾರುತ್ತದೆ. ಮೊದಲು ರಬ್ಬರ್ ಚಾಪೆ ಅಥವಾ ನಾರಿನ ಚಾಪೆಯನ್ನು ಅಲುಗದಂತೆ ಬಿಗಿದು ಅದರ ಮೇಲೆ ಹುಲ್ಲು ಹರಡಬೇಕು. ರೈಲಿನ ಸಾಗಣೆಗೆ ನಿಯಮ ಹೇಳುವ ಹಾಸಿನ ದಪ್ಪ ಕನಿಷ್ಠ 6 ಸೆಂ.ಮೀ.; ಲಾರಿಗೂ ಅದನ್ನೇ ಅಳತೆಯಾಗಿ ಇಟ್ಟುಕೊಳ್ಳಬಹುದು. ನಿಯಮದಲ್ಲಿ ಭತ್ತದ ಹುಲ್ಲಿನ ಹೆಸರಿದೆ. ಜೋಳ, ಕಬ್ಬು ಬೆಳೆಯುವ ಸೀಮೆಯಲ್ಲಿ ಒಣಗಿದ ಕಬ್ಬಿನ ರವದಿಯಿಂದಲೂ ಕೆಲಸವಾದೀತು. ಚಾಪೆ ದೊರೆಯದ ಕಡೆ ಒದ್ದೆ ಮರಳನ್ನು ದಪ್ಪವಾಗಿ ಹರಡಿದರೂ ಗೊರಸಿಗೆ ಹಿಡಿತ ಸಿಗುತ್ತದೆ.

ಹಿಂಬಾಗಿಲಿನ ಸಂದು, ಪಕ್ಕದ ಸರಳುಗಳ ನಡುವಿನ ತೆರವುಗಳನ್ನು ಹಲಗೆಯಿಂದ ಮುಚ್ಚಬೇಕು. ಒದೆಯುವ ಕುದುರೆಯ ಕಾಲು ಸರಳುಗಳ ನಡುವೆ ನುಗ್ಗಿದರೆ ಅದನ್ನು ಹಿಂದೆಗೆಯುವ ಗಾಬರಿಯಲ್ಲೇ ಚರ್ಮ ಸುಲಿದುಹೋಗುತ್ತದೆ. ಚೂಪು ಮೂಲೆಗಳಿಗೆ, ಕೊಂಡಿಗಳಿಗೆ ಗೋಣಿಚೀಲ ಸುತ್ತಿ ಬಿಗಿಯುವುದು ಒಳ್ಳೆಯದು.

ಹತ್ತಿಸುವ, ಇಳಿಸುವ ಗಳಿಗೆಯಲ್ಲಿ ಪಯಣದಷ್ಟೇ ಅಪಾಯವಿದೆ. ಇಳಿಜಾರು ಹಲಗೆ ಇಲ್ಲದ ಹಳ್ಳಿಯಲ್ಲಿ ಹೊಲದ ಒಡ್ಡಿಗೋ ಎತ್ತರದ ಕಟ್ಟೆಗೋ ವಾಹನವನ್ನು ಹಿಂದಾಗಿ ತಂದು ನಿಲ್ಲಿಸಿ, ನೆಲವೂ ತೊಟ್ಟಿಯೂ ಒಂದೇ ಮಟ್ಟಕ್ಕೆ ಬರುವಂತೆ ನೋಡಿಕೊಳ್ಳಬಹುದು. ಆದರೆ ಒಡ್ಡಿಗೂ ವಾಹನಕ್ಕೂ ನಡುವೆ ಗೇಣಗಲದ ಸಂದು ಕೂಡ ಉಳಿಯಬಾರದು. ಕಾಲು ಇಳಿಯುವುದು ಅಲ್ಲಿಯೇ. ಕುದುರೆಯನ್ನು ಮೇಲಿಂದ ಕೆಳಕ್ಕೆ ಹಾರಿಸಿ ಇಳಿಸುವುದಂತೂ ಸಲ್ಲದು. ನೆಗೆತದ ಭಾರವೆಲ್ಲ ಮುಂಗಾಲುಗಳ ಮೇಲೆಯೇ ಬೀಳುತ್ತದೆ.

ಇನ್ನು ಉಳಿದದ್ದು ಚಾಲಕನ ಕೈ. ಅದೇ ತಿರುವನ್ನು ಗಂಟೆಗೆ 35 ಕಿ.ಮೀ. ಬದಲು 50 ಕಿ.ಮೀ. ವೇಗದಲ್ಲಿ ಹಾದರೆ ಕುದುರೆಯನ್ನು ಪಕ್ಕಕ್ಕೆ ಎಳೆಯುವ ಬಲ ಎರಡು ಪಟ್ಟಾಗುತ್ತದೆ. ಕುಳಿತ ಮನುಷ್ಯನಿಗೆ ಅದು ತಿಳಿಯದಿರಬಹುದು, ನಿಂತ ಪ್ರಾಣಿಗೆ ತಿಳಿಯುತ್ತದೆ. ಮಹಮ್ಮದ್ ಆದಿಲ್‌ಶಾಹನ ಕಾಲದ ದೊಡ್ಡ ಕೆರೆಗೆ ಹೆಸರಾದ ಮಮದಾಪುರದಿಂದ ವಿಜಯಪುರಕ್ಕೆ ನಿಯಮದ ವೇಗದಲ್ಲಿ ಹೋದರೆ ಒಂದು ಗಂಟೆಗೂ ಮೇಲ್ಪಟ್ಟ ಹಾದಿ. ಎರೆಭೂಮಿಯ ಮೇಲಿನ ರಸ್ತೆಗಳು ಮಳೆಗೆ ಉಬ್ಬಿ, ಬಿಸಿಲಿಗೆ ಕುಗ್ಗಿ ಏರುಪೇರಾಗುವುದು ಈ ಭಾಗದವರೆಲ್ಲ ಬಲ್ಲ ಸಂಗತಿ. ಇಂತಹ ಹಾದಿಯಲ್ಲಿ ಹತ್ತಿಪ್ಪತ್ತು ನಿಮಿಷ ಉಳಿಸುವ ಆತುರ ಕುದುರೆಯ ಕಾಲಿಗೆ ಕುತ್ತಾದೀತು.

ಪಟ್ಟಿ ಸುತ್ತುವ ಕ್ರಮ

ಮೇಲಿನ ವ್ಯವಸ್ಥೆಯೆಲ್ಲ ಆದ ಬಳಿಕ ಪಟ್ಟಿಯ ಸರದಿ. ಮೊದಲು ಕಾಲನ್ನು ತೊಳೆದು ಒಣಗಿಸಬೇಕು. ಒಳಗೆ ಉಳಿದ ಒಂದು ಕಡ್ಡಿ, ಒಂದು ಹರಳೂ ಹುಣ್ಣು ಮಾಡಬಲ್ಲದು. ಮೊಣಕಾಲಿನ ಕೆಳಗಿನಿಂದ ಗೊರಸಿನ ಮೇಲಂಚು ಮುಚ್ಚುವವರೆಗೆ ದಪ್ಪನೆಯ ಹತ್ತಿಯ ಹಾಸನ್ನು ಸುಕ್ಕಿಲ್ಲದಂತೆ ಸುತ್ತಿ, ಅದರ ಮೇಲೆ ಪಟ್ಟಿಯನ್ನು ಪ್ರತಿ ಸುತ್ತೂ ಹಿಂದಿನ ಸುತ್ತಿನ ಅರ್ಧ ಮುಚ್ಚುವಂತೆ ತರಬೇಕು. ಬಿಗಿಯುವ ಎಳೆತ ಮುಂಬದಿಯ ಎಲುಬಿನ ಮೇಲಿರಬೇಕೇ ವಿನಾ ಹಿಂಬದಿಯ ರಜ್ಜುವಿನ ಮೇಲಲ್ಲ. ಗಂಟು ಕಾಲಿನ ಹೊರಬದಿಗಿರಲಿ. ಕಟ್ಟಿದ ಮೇಲೆ ಪಟ್ಟಿಯ ಅಂಚಿನಲ್ಲಿ ಒಂದು ಬೆರಳು ತೂರುವಷ್ಟು ಸಡಿಲವಿದ್ದರೆ ಸರಿ.

ಹತ್ತಿಯ ಹಾಸಿಲ್ಲದೆ ಬರಿಯ ಪಟ್ಟಿಯನ್ನು ಬಿಗಿದರೆ ರಕ್ತದ ಓಟ ತಡೆದು ರಜ್ಜುವಿಗೇ ಹಾನಿಯಾಗುತ್ತದೆ. ತೀರ ಸಡಿಲವಾದರೆ ಪಟ್ಟಿ ದಾರಿಯಲ್ಲಿ ಬಿಚ್ಚಿ ಕಾಲಿಗೆ ತೊಡರುತ್ತದೆ, ಕುದುರೆ ಬೆದರಿ ಒದೆಯತೊಡಗುತ್ತದೆ. ಸರಿಯಾಗಿ ಕಟ್ಟಲು ಬಾರದಿದ್ದರೆ ಕಟ್ಟದಿರುವುದೇ ಮೇಲು. ಮೊಣಕಾಲು, ಹಿಂಗಾಲಿನ ಕೀಲುಗಳನ್ನೂ ಮುಚ್ಚುವಂತಹ, ಅಂಟುಪಟ್ಟಿಯಿಂದ ಬಿಗಿಯುವ ಸಿದ್ಧ ಕಾಲ್ಗವಚಗಳು ಮಾರುಕಟ್ಟೆಯಲ್ಲಿವೆ. ಗೊರಸಿನ ಮೇಲಂಚಿಗೆಂದೇ ಗಂಟೆಯಾಕಾರದ ರಬ್ಬರ್ ಕವಚವೂ ದೊರೆಯುತ್ತದೆ. ಯಾವುದೇ ಆಗಲಿ, ಪಯಣದ ದಿನವೇ ಮೊದಲ ಬಾರಿಗೆ ತೊಡಿಸಬಾರದು. ಕೆಲವು ದಿನ ಮುಂಚಿತವಾಗಿ ಲಾಯದಲ್ಲೇ ತೊಡಿಸಿ, ನಡೆಸಿ ರೂಢಿ ಮಾಡಿಸಬೇಕು. ವಿಜಯಪುರದ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ಮುಟ್ಟುವಾಗ ದಪ್ಪ ಪಟ್ಟಿಯೊಳಗೆ ಕಾಲು ಬೇಯುತ್ತದೆ. ಆ ದಿನಗಳಲ್ಲಿ ನಸುಕಿನಲ್ಲೋ ಇರುಳಿನಲ್ಲೋ ಸಾಗಿಸುವುದು, ಊರು ಮುಟ್ಟಿದ ಕೂಡಲೇ ಪಟ್ಟಿ ಬಿಚ್ಚುವುದು ಅವಶ್ಯ.

ಎರಡು ಕುದುರೆಗಳನ್ನು ಕೂಡಿಸಿ ಒಯ್ಯುವಾಗ ಹಿಂಗಾಲಿನ ಲಾಳಗಳನ್ನು ಕಳಚುವುದು ಅನೇಕ ಕಡೆ ರೂಢಿಯಲ್ಲಿದೆ. ಇಲ್ಲಿ ನಾಲಬಂದರ ಸಲಹೆ ಪಡೆಯುವುದು ಸೂಕ್ತ. ಮೇಲೆದ್ದ ಮೊಳೆ, ಸಡಿಲಾದ ಲಾಳ ಇದ್ದರಂತೂ ಸರಿಪಡಿಸಿಯೇ ಹೊರಡಬೇಕು.

ಇಳಿದ ಮೇಲೆ

ಇಳಿಸಿದ ಕುದುರೆಯನ್ನು ಕೂಡಲೇ ಗಾಡಿಗೆ ಹೂಡಬಾರದು. ದಾರಿಯುದ್ದಕ್ಕೂ ಆಯ ಕಾಯ್ದುಕೊಂಡು ಅದರ ಕಾಲುಗಳು ದಣಿದಿರುತ್ತವೆ. ಪಟ್ಟಿ ಬಿಚ್ಚಿ, ನೀರು ಕುಡಿಸಿ, ಕಾಲು ಗಂಟೆ ನಿಧಾನವಾಗಿ ನಡೆಸಬೇಕು. ನಾಲ್ಕೂ ಕಾಲುಗಳನ್ನು ಅಂಗೈಯಿಂದ ಸವರಿ ನೋಡಿದರೆ ಊತ, ಬಿಸಿ, ನೋವು ತಿಳಿಯುತ್ತದೆ. ಒಂದು ಕಾಲು ಮಾತ್ರ ಬಿಸಿಯಾಗಿದ್ದರೆ ಅಂದು ಓಟದ ಮಾತು ಬಿಡಬೇಕು.

ರಕ್ತ ಸುರಿಯುತ್ತಿದ್ದರೆ ಶುಭ್ರ ಬಟ್ಟೆಯಿಂದ ಒತ್ತಿ ಹಿಡಿದು ಪಶುವೈದ್ಯರನ್ನು ಕರೆಸಬೇಕು. ಗ್ರೀಸ್, ಎಂಜಿನ್ ಎಣ್ಣೆ, ಸುಣ್ಣಗಳನ್ನು ಮೆತ್ತಬಾರದು. ಕೀಲಿನ ಹತ್ತಿರದ ಗಾಯದಿಂದ ಹಳದಿ ಛಾಯೆಯ ಅಂಟು ದ್ರವ ಒಸರಿದರೆ ಗಾಯ ಕೀಲಿನೊಳಗೆ ಇಳಿದಿರುವ ಸಂಭವವಿದೆ. ಗಾಯ ಚಿಕ್ಕದೆಂದು ತಡಮಾಡಬಾರದು. ಕುದುರೆ ಧನುರ್ವಾಯುವಿಗೆ ಬಹುಬೇಗ ತುತ್ತಾಗುವ ಪ್ರಾಣಿಯಾದ್ದರಿಂದ ಅದರ ಲಸಿಕೆಯನ್ನು ಮೊದಲೇ ಹಾಕಿಸಿರಬೇಕು. ಪಶುಸಂಗೋಪನೆ ಇಲಾಖೆಯ ಸಂಚಾರಿ ಪಶು ಚಿಕಿತ್ಸಾ ಘಟಕವನ್ನು 1962 ಸಂಖ್ಯೆಗೆ ಕರೆ ಮಾಡಿ ಕರೆಸಿಕೊಳ್ಳಬಹುದು.

ಬೆಂಗಳೂರು, ಮೈಸೂರುಗಳ ರೇಸ್ ಕುದುರೆಗಳು ಮುಂಬೈ, ಪುಣೆ, ಹೈದರಾಬಾದುಗಳಿಗೆ ಹೋಗುವಾಗ ಮೆತ್ತೆ ಹೊದಿಸಿದ ಅಡ್ಡಗೋಡೆಗಳಿರುವ ವಾಹನದಲ್ಲಿ, ಸಾಕುವ ಆಳಿನೊಡನೆ ಹೋಗುತ್ತವೆ. ಜಾತ್ರೆಯ ಕುದುರೆಗೆ, ಟಾಂಗಾದ ಕುದುರೆಗೆ ಆ ಭಾಗ್ಯವಿಲ್ಲ. ಆದರೆ ಎರಡಕ್ಕೂ ಕಾಲಿನ ರಚನೆ ಒಂದೇ. ಒಂದು ಚಾಪೆ, ನಾಲ್ಕು ಬಿದಿರು ಗಳು, ಒಂದು ಹೊರೆ ರವದಿ, ಅವಸರವಿಲ್ಲದ ಒಬ್ಬ ಚಾಲಕ – ಇವಿಷ್ಟನ್ನು ಹೊಂದಿಸಲು ಬಡ ಒಡೆಯನಿಗೂ ಸಾಧ್ಯ. ಮುರಿದ ಕಾಲನ್ನು ಸರಿಪಡಿಸಲು ಸಿರಿವಂತನಿಗೂ ಕಷ್ಟ.