ಹೆಸರಿರುವ ಊರೋ, ಹೊರೆಯಾಗದ ಊರೋ?

‘ಮ್ಯೂನಿಕ್ ಅಂದ್ರೆ ಕೇಳಿದೀನಿ. ಇದ್ಯಾವುದೋ ಕೆಮ್ನಿಟ್ಸ್?’ ಎಂದು ಅಪ್ಪ ಕೇಳಿದಾಗ ನಗು ಬಂತು. ಆರು ತಿಂಗಳ ಹಿಂದೆ ನಾನೂ ಆ ಹೆಸರು ಕೇಳಿರಲಿಲ್ಲ.

ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದೇನೆ. ಬಿ.ಇ. ಮುಗಿಸಿ ಜರ್ಮನಿಯಲ್ಲಿ ಎಂ.ಎಸ್. ಮಾಡುವ ಆಸೆ. ಎಲ್ಲರಂತೆ ನಾನೂ ಮೊದಲು ನೋಡಿದ್ದು ರ‍್ಯಾಂಕಿಂಗ್ ಪಟ್ಟಿಯನ್ನೇ. ಊರಿನ ಬಗ್ಗೆ ಯೋಚಿಸಿರಲೇ ಇಲ್ಲ. ಮ್ಯೂನಿಕ್‌ನಲ್ಲಿರುವ ಸೀನಿಯರ್ ಒಬ್ಬರು ಕೋಣೆ ಸಿಗದೆ ಎರಡು ತಿಂಗಳು ಪರಿಚಯದವರ ಮನೆಗಳಲ್ಲಿ ಬ್ಯಾಗ್ ಹೊತ್ತು ತಿರುಗಿದ್ದನ್ನು ಹೇಳಿದ ಮೇಲೆ ಪೆನ್ನು, ಹಾಳೆ ಹಿಡಿದು ಕುಳಿತೆ.

ಜರ್ಮನಿಯ ವಿದ್ಯಾರ್ಥಿ ವೀಸಾಕ್ಕೆ ಬ್ಲಾಕ್ಡ್ ಅಕೌಂಟ್‌ನಲ್ಲಿ ಒಂದು ವರ್ಷದ ಖರ್ಚು ಮೊದಲೇ ತೋರಿಸಬೇಕು. 2024ರ ಸೆಪ್ಟೆಂಬರ್‌ನಿಂದ ಆ ಮೊತ್ತ 11,904 ಯುರೊ. ನಮ್ಮ ಲೆಕ್ಕದಲ್ಲಿ 12 ಲಕ್ಷ ರೂಪಾಯಿಗೂ ಹೆಚ್ಚು. ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992 ಯುರೊ ಮಾತ್ರ ಕೈಗೆ ಬರುತ್ತದೆ. ಯಾವ ಊರಿಗೆ ಹೋದರೂ ಇಷ್ಟೇ.

ಇದರಲ್ಲಿ ಆರೋಗ್ಯ ವಿಮೆಗೆ ಸುಮಾರು 145 ಯುರೊ ಹೋಗುತ್ತದೆ. ಅದೂ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ಬದಲಾಗುವುದು ಬಾಡಿಗೆ. ಮ್ಯೂನಿಕ್‌ನಲ್ಲಿ ನಾಲ್ಕು ಜನ ಹಂಚಿಕೊಂಡ ಮನೆಯಲ್ಲೂ ಒಂದು ಕೋಣೆಗೆ 700ರಿಂದ 800 ಯುರೊ. ಉಳಿಯುವ ನೂರು ಯುರೊದಲ್ಲಿ ಊಟ, ಓಡಾಟ, ಫೋನು ಎಲ್ಲ ಆಗಬೇಕು. ಕೆಮ್ನಿಟ್ಸ್‌ನಲ್ಲಿ ಅಂಥದ್ದೇ ಕೋಣೆ ಸುಮಾರು 300 ಯುರೊಗೆ ಸಿಗುತ್ತದೆ. ಕೈಯಲ್ಲಿ 500ಕ್ಕಿಂತ ಹೆಚ್ಚು ಉಳಿಯುತ್ತದೆ. ಜೊತೆಗೆ, ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯ ಈಗ ನಮ್ಮಂಥ ವಿದೇಶಿಯರಿಂದ ಮಾಸ್ಟರ್ಸ್‌ಗೆ ಪ್ರತಿ ಸೆಮಿಸ್ಟರ್‌ಗೆ 4,000ದಿಂದ 6,000 ಯುರೊ ಶುಲ್ಕವನ್ನೂ ಪಡೆಯುತ್ತದೆ.

ಅಗ್ಗವೆಂದರೆ ಊರಿನಲ್ಲಿ ಏನೋ ಐಬು ಇರಬೇಕು ಎಂಬ ಅನುಮಾನ ನನಗೂ ಇತ್ತು. ಕಾರಣ ಹುಡುಕಿದೆ. ಕೆಮ್ನಿಟ್ಸ್ ಹಿಂದಿನ ಪೂರ್ವ ಜರ್ಮನಿಯ ಊರು. 1953ರಿಂದ 1990ರವರೆಗೆ ಅದರ ಹೆಸರು ಕಾರ್ಲ್ ಮಾರ್ಕ್ಸ್ ಸ್ಟಾಟ್. ಜರ್ಮನಿ ಒಂದಾದ ಮೇಲೆ ಕಾರ್ಖಾನೆಗಳು ಮುಚ್ಚಿ, ಜನ ಕೆಲಸ ಅರಸಿ ಪಶ್ಚಿಮಕ್ಕೆ ಹೋದರು. ಮೂರು ಲಕ್ಷ ದಾಟಿದ್ದ ಜನಸಂಖ್ಯೆ ಎರಡೂವರೆ ಲಕ್ಷದ ಆಸುಪಾಸಿಗೆ ಇಳಿಯಿತು. ಮನೆಗಳು ಖಾಲಿ ಉಳಿದವು. ಬಾಡಿಗೆ ಕಡಿಮೆ ಇರುವುದು ಅದಕ್ಕೇ. ಹಾಗೆಂದು ಅದು ಮೂಲೆಗುಂಪಾದ ಊರೇನೂ ಅಲ್ಲ. ಅಲ್ಲೊಂದು ತಾಂತ್ರಿಕ ವಿಶ್ವವಿದ್ಯಾಲಯವಿದೆ, ಫೋಕ್ಸ್‌ವ್ಯಾಗನ್‌ನ ಎಂಜಿನ್ ಕಾರ್ಖಾನೆಯಿದೆ. 2025ರಲ್ಲಿ ಅದು ಯುರೋಪಿನ ಸಾಂಸ್ಕೃತಿಕ ರಾಜಧಾನಿಯೂ ಆಗಿತ್ತು. ನಾಲ್ಕು ಉಂಗುರಗಳ ಲಾಂಛನ ತಂದ ಆಟೊ ಯೂನಿಯನ್ ಕಂಪನಿಯ ಕೇಂದ್ರ ಕಚೇರಿ 1930ರ ದಶಕದಲ್ಲಿ ಇದ್ದದ್ದೂ ಅಲ್ಲೇ. ಮೆಕ್ಯಾನಿಕಲ್ ಹುಡುಗನಿಗೆ ಇನ್ನೇನು ಬೇಕು?

ಸಣ್ಣ ಊರಿನ ಕಷ್ಟವೂ ಉಂಟು. ಬರೀ ಇಂಗ್ಲಿಷ್ ನಂಬಿಕೊಂಡರೆ ಪಾರ್ಟ್‌ಟೈಮ್ ಕೆಲಸ ಸಿಗುವುದು ದೊಡ್ಡ ನಗರಕ್ಕಿಂತ ಕಷ್ಟ. ಕೆಲಸ ಸಿಕ್ಕರೆ ಕನಿಷ್ಠ ಕೂಲಿ ಮಾತ್ರ ದೇಶದಲ್ಲೆಲ್ಲ ಒಂದೇ; 2025ರಲ್ಲಿ ಗಂಟೆಗೆ 12.82 ಯುರೊ. ಬಿಎಂಡಬ್ಲ್ಯು, ಪೋರ್ಷೆ ಕಾರ್ಖಾನೆಗಳಿರುವ ಲೈಪ್‌ಜಿಗ್‌ಗೆ ರೈಲಿನಲ್ಲಿ ಒಂದು ಗಂಟೆಯ ದಾರಿ. ಹಾಗಾಗಿ ಇಲ್ಲಿಂದಲೇ ಜರ್ಮನ್ ಕಲಿಯಲು ಶುರು ಮಾಡಿದ್ದೇನೆ. ಪಿ.ಜಿ.ಯ ರೂಮ್‌ಮೇಟ್‌ಗೆ ನನ್ನ ಉಚ್ಚಾರಣೆಯೇ ಈಗ ಮನರಂಜನೆ.

ಮೊನ್ನೆ ತಿಪಟೂರಿಗೆ ಹೋದಾಗ ಆ ಹಾಳೆಯನ್ನು ಅಪ್ಪನ ಮುಂದಿಟ್ಟೆ. ಸಾಲಕ್ಕೆ ನಮ್ಮ ತೆಂಗಿನ ತೋಟದ ಪತ್ರ ಬ್ಯಾಂಕಿಗೆ ಹೋಗಬೇಕು. ಆ ವಿಷಯ ಅಪ್ಪ ಎತ್ತಲೇ ಇಲ್ಲ, ನಾನೂ ಎತ್ತಲಿಲ್ಲ. ಎರಡು ಊರಿನ ಲೆಕ್ಕವನ್ನೂ ಬೆರಳಿಟ್ಟು ಓದಿದರು. ‘ಆ ದೊಡ್ಡ ಊರಲ್ಲಿ ಊಟಕ್ಕೆ ಏನ್ ಮಾಡ್ತಿದ್ದೆ?’ ಎಂದರು. ನಾನು ಸುಮ್ಮನಿದ್ದೆ.

‘ನೆಂಟರು ಕೇಳಿದ್ರೆ ಊರಿನ ಹೆಸರು ಹೇಗೆ ಹೇಳೋದು, ಇನ್ನೊಂದ್ ಸಲ ಹೇಳು’ ಎಂದರು. ಹೇಳಿಕೊಟ್ಟೆ. ಮೂರನೇ ಸಲಕ್ಕೆ ಸರಿಯಾಗಿ ಬಂತು.